ಹತ್ತೊಂಬತ್ತು, ಮತ್ತೊಂದು

ನೃಪತುಂಗ ರಸ್ತೆಯ ಮೂರನೇ ಮಹಡಿಯಲ್ಲಿ
ಒಂದು ಸಿಗಡಿಗೆ ಕನ್ನಡದ ಮೈ ಕೂಡಿಸುವ ಕೆಲಸ.
ನಾವು ಐವರು, ಒಂದೂವರೆ ಫ್ಯಾನು,
ತಣ್ಣಗಾದ ಉದ್ದಿನವಡೆ,
ಪಿಯುಸಿ ಪಠ್ಯಕ್ಕೆ ಪಾರಿಭಾಷಿಕ ಪದಗಳ ಪಟ್ಟಿ.

ಶಿರ, ವಕ್ಷ, ಉದರ
ಎಂದರು ವೃಷಭೇಂದ್ರಪ್ಪನವರು, ಕನ್ನಡಕ ಒರೆಸುತ್ತ.
ತಲೆ, ಎದೆ, ಹೊಟ್ಟೆ ಸಾಲದೇ ಸರ್, ಎಂದೆ.
"ಹೊಟ್ಟೆ ಅಂದರೆ ಮಕ್ಕಳು ನಗುತ್ತಾರೆ ಕಣಮ್ಮ,
ಉದರ ಅಂದರೆ ಬರೆದುಕೊಳ್ಳುತ್ತಾರೆ."
ಅದೂ ನಿಜವೇ. ಬರೆದುಕೊಂಡೆ.

ತುಂಡಿಗೆ ಗೆಣ್ಣು ಅನ್ನೋಣ, ಕಬ್ಬಿನ ಹಾಗೆ,
ಎಂದರು ಮದ್ದೂರಿನ ಕಡೆಯವರು.
ಗೆಣ್ಣೆಂದರೆ ಕೂಡುವ ಜಾಗ,
ಇದು ಎರಡು ಗೆಣ್ಣಿನ ನಡುವಿನದು, ಎಂದರು ಮತ್ತೊಬ್ಬರು.
ಅಷ್ಟರಲ್ಲಿ ಕಾಫಿ ಬಂತು.
ಖಂಡ ಎಂದೇ ಉಳಿಯಿತು.

ಜಿರಳೆಯ ಎದೆ ಮೂರು ಪಾಲು:
ಮುನ್ನೆದೆ, ನಡುವೆದೆ, ಹಿನ್ನೆದೆ.
ಈ ಮೂರೂ ನನ್ನವು, ಒಪ್ಪಿಗೆಯಾದವು.
ಬಸ್ಸಿನಲ್ಲಿ ಬಾಯೊಳಗೇ ಹೇಳಿಕೊಂಡೆ
ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂಬಂತೆ.
ಒಂದೊಂದಕ್ಕೂ ಒಂದು ಜೊತೆ ಕಾಲು,
ರೆಕ್ಕೆ ಮಾತ್ರ ನಡುವಿನದಕ್ಕೂ ಹಿಂದಿನದಕ್ಕೂ.
ಮುಂದೆ ನಿಂತದ್ದಕ್ಕೆ
ಗುರಾಣಿ ಹೊರುವ ಪಾಡು.

ಏಡಿಯ ಹತ್ತಿರ ಬಂದು ನಿಂತುಬಿಟ್ಟೆವು.
ತಲೆ ಎಲ್ಲಿ ಮುಗಿಯಿತು, ಎದೆ ಎಲ್ಲಿ ಶುರು,
ಅದಕ್ಕೇ ಗೊತ್ತಿಲ್ಲ. ಮೇಲೆ ಒಂದೇ ಚಿಪ್ಪು.
ಶಿರೋವಕ್ಷ, ಎಂದರು.
ತಲೆಯೆದೆ, ಎಂದೆ.
ವ್ಯಾಕರಣಕ್ಕೆಂದು ಕರೆಸಿದ್ದ ಚಂದ್ರಮತಿ ಮೇಡಂ
ಅವತ್ತು ಮೊದಲ ಸಲ ಬಾಯಿಬಿಟ್ಟರು:
"ಪದದಲ್ಲಿ ಯಕಾರ ಆಗಮವಾಗಿದೆ,
ಪ್ರಾಣಿಯಲ್ಲಿ ಸಂದೇ ಲೋಪವಾಗಿದೆ.
ಇದಕ್ಕೆ ಸಂಧಿಪದಿ ಅಂತ ಹೆಸರಿಟ್ಟವರನ್ನು
ಒಮ್ಮೆ ಕರೆಸಿ, ನೋಡೋಣ."

ಕೊನೆಗೆ ಉಳಿದದ್ದು ಸಿಗಡಿಯ ಬಾಲದ ಮೊನೆ.
ತಲೆಗೆ ಐದು ಖಂಡ, ಎದೆಗೆ ಎಂಟು, ಹೊಟ್ಟೆಗೆ ಆರು,
ಹತ್ತೊಂಬತ್ತಕ್ಕೆ ಲೆಕ್ಕ ಮುಗಿಯುತ್ತದೆ.
ಆಮೇಲೂ ಒಂದಿದೆ.
ಅದಕ್ಕೆ ಜೋಡಿ ಅವಯವವಿಲ್ಲ,
ಹಾಗಾಗಿ ಖಂಡವೆಂದು ಎಣಿಸುವಂತಿಲ್ಲ.
ಟೆಲ್ಸನ್.
ಗ್ರೀಕರಲ್ಲಿ ಆ ಮಾತಿಗೆ
ಉತ್ತ ಹೊಲದ ಕೊನೆ ಎಂದು ಅರ್ಥವಂತೆ,
ನೇಗಿಲು ಹೊರಳುವ ಜಾಗ.
ಬದು, ಎಂದೆ.
ಯಾರೂ ಏನೂ ಅನ್ನಲಿಲ್ಲ.
ಪುಚ್ಛಾಂತ, ಎಂದು ಬರೆಸಿದರು.

ಭಾನುವಾರ ರಸೆಲ್ ಮಾರ್ಕೆಟ್ಟು.
ಪ್ರಾಕ್ಟಿಕಲ್ಲಿಗೆ ಇಡಿಯವು ಹತ್ತು,
ಮನೆಗೆ ಬಿಡಿಸಿದ್ದು ಕಾಲು ಕೇಜಿ.
ಜುಲೇಖಾಬಿಯ ಹೆಬ್ಬೆರಳಿಗೆ ಪಟ್ಟಿ ಬೇಕಿಲ್ಲ.
ಚಟ್ಟೆಂದರೆ ತಲೆಯೆದೆ ಬಕೆಟ್ಟಿಗೆ,
ಸರ್ರೆಂದರೆ ಬಳೆಗಳು ಒಂದರ ಹಿಂದೊಂದು.
ಬಳೆ ಎಂದೇ ಅನ್ನುತ್ತಾಳೆ ಅವಳು,
"ಹಸಿರಾಗಿದ್ರೆ ಬಳೆ ಗಟ್ಟಿ, ತಾಜಾ ಮಾಲು."
ನಾವು ಇದಕ್ಕೆ ಮೂರು ಸಭೆ ಮಾಡಿದ್ದೆವು.

ಬಾಲದ ತುದಿ ಮಾತ್ರ ಕೀಳಲಿಲ್ಲ.
ಅದೊಂದನ್ನ ಯಾಕೆ ಬಿಟ್ಟೆ, ಕೇಳಿದೆ.
ಚಿಲ್ಲರೆ ಹುಡುಕುತ್ತಲೇ ಹೇಳಿದಳು:
"ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ ಮೇಡಂ."

ನನ್ನ ಮನೆ ಬೈರತಿಯಾಚೆ,
ಕೊನೇ ಸ್ಟಾಪಿನಿಂದ ಹತ್ತು ನಿಮಿಷದ ಕಾಲುನಡಿಗೆ.
ಬಿ ಖಾತಾ. ನೀರು ಟ್ಯಾಂಕರಿನದು.
ವಾರ್ಡು ಎಣಿಸಲು ಬಂದವರು
ಹಿಂದಿನ ಮೋರಿಗೇ ನಿಂತು ವಾಪಸಾದರು.
ಎದುರಿಗೆ ಇನ್ನೂ ಉಳುವ ಹೊಲ,
ನಡುನಡುವೆ ಸುಣ್ಣ ಬಳಿದ ಸೈಟುಗಲ್ಲು.
ಟ್ರ್ಯಾಕ್ಟರು ಸಾಲು ಮುಗಿಸಿ ಹೊರಳುವುದು
ಸರಿಯಾಗಿ ನನ್ನ ಗೇಟಿನ ಮುಂದೆ.
ಹೊರಳುವಾಗ ಆ ಹುಡುಗ
ಸ್ಟೇರಿಂಗಿನಿಂದ ಒಂದು ಕೈ ತೆಗೆದು
ನನ್ನತ್ತ ಎತ್ತುತ್ತಾನೆ. ಹೆಸರು ಕೇಳಿಲ್ಲ.

ರಾತ್ರಿ ಸಿಗಡಿ ಹುರಿದೆ, ಖಾರ ಹೆಚ್ಚಾಯಿತು.
ಒಂದೊಂದನ್ನೇ ತುದಿ ಹಿಡಿದು ತಿಂದೆ,
ಹಿಡಿದದ್ದನ್ನು ಪಕ್ಕಕ್ಕಿಡುತ್ತ ಹೋದೆ.
ತಟ್ಟೆಯ ಅಂಚಿನಲ್ಲಿ
ಹದಿನಾಲ್ಕು ಬದು.