ಐದಕ್ಕೆ ಒಂದು

ಲ್ಯೂಡರಿಟ್ಸ್‌ನಲ್ಲಿ ಗಾಳಿ ಗೋಡೆಗೆ ಒರಗಿಯೇ ನಿಂತಿರುತ್ತದೆ.
ಡೋರ್ಕಾಸ್ ಗೋಲಿಯಾತಳ ವಸತಿಗೃಹದ ಬಾಗಿಲನ್ನು
ಭುಜ ಕೊಟ್ಟು ಮುಚ್ಚಬೇಕು.
ಮುಚ್ಚಿದ ಮೇಲೂ ಹೊಸ್ತಿಲಲ್ಲೊಂದು ಗೆರೆ ಮರಳು.

ನಾನು ತುಯೆನಿ. ಕಂಪನಿಯ ಭೂವಿಜ್ಞಾನಿ.
ಕಡಲೊಳಗೆ ಮುನ್ನೂರು ಕಿಲೋಮೀಟರು ಹೋಗಿ
ಮೂರು ಸಾವಿರ ಮೀಟರು ನೀರು ಇಳಿದು
ಅಡಿಯಲ್ಲಿ ಮತ್ತಷ್ಟೇ ಕಲ್ಲು:
ಯಾರೂ ನೋಡದ ಕತ್ತಲೆಗೆ ಅಂಕ ಹಾಕುವುದು ನನ್ನ ಕಸುಬು.

ಎಣ್ಣೆ ಬೇಯುವ ಮೂಲಶಿಲೆ ಇದೆಯೆ? ಹತ್ತಕ್ಕೆ ಎಂಟು.
ಬೆಂದದ್ದು ಇಲ್ಲಿಯ ತನಕ ನಡೆದು ಬಂದೀತೆ? ಏಳು.
ತಂಗಲು ಸಡಿಲ ಮರಳುಗಲ್ಲು? ಆರು.
ಮೇಲೆ ಸೋರದ ಮುಚ್ಚಳ? ಅದಕ್ಕೂ ಆರು.
ಆ ಕೊನೆಯ ಆರು ಬರೆಯುವಾಗ ಕೈ ತಡೆದದ್ದು ನಿಜ.
ಗುಣಿಸಿದರೆ ಐದಕ್ಕೆ ಒಂದು.

ಲಂಡನ್ನಿನ ಕೋಣೆಯಲ್ಲಿ ಇದು ಒಳ್ಳೆಯ ಸುದ್ದಿ.
ಸಿಕ್ಕರೆ ಒಂಬೈನೂರು ಮಿಲಿಯನ್, ಸಿಗದಿದ್ದರೆ ಎಂಬತ್ತು ನೀರುಪಾಲು;
ತೂಗಿ ನೋಡಿದರೆ ಸರಾಸರಿ ನೂರಹದಿನಾರು ಲಾಭ.
ಆ ನೂರಹದಿನಾರು ಯಾವ ಬಾವಿಯಲ್ಲೂ ಯಾರಿಗೂ ಸಿಕ್ಕಿದ್ದಿಲ್ಲ,
ಆದರೂ ಅದನ್ನೇ ನಂಬಿ ಸಹಿ ಬೀಳುತ್ತದೆ.
ಭಯವನ್ನೂ ಪಾಲು ಮಾಡಿದರು: ನಮಗೆ ಮೂವತ್ತೈದು,
ಉಳಿದದ್ದು ಇನ್ನಿಬ್ಬರಿಗೆ,
ಮದುವೆಯ ಖರ್ಚನ್ನು ಬೀಗರ ತಲೆಗೆ ಕಟ್ಟಿದ ಹಾಗೆ.
ಮೂರು ಖಂಡಗಳಲ್ಲಿ ಹನ್ನೊಂದು ಬಾವಿ ನಮ್ಮ ಪಟ್ಟಿಯಲ್ಲಿ;
ಒಂದು ಒಣಗಿದರೆ ಇನ್ನೊಂದರ ತೇವ.

ಡೋರ್ಕಾಸ್ ಆ ವರ್ಷ ಎರಡು ಕೋಣೆ ಕಟ್ಟಿಸಿದಳು.
ಬ್ಯಾಂಕಿನ ಸಾಲ, ಕಂತಿನ ಗೀಸರು,
ಎತ್ತರದ ಸಾಹೇಬರಿಗೆಂದು ಉದ್ದದ ಮಂಚ.
ಕೂಸಿಗೆ ಮುಂಚೆ ಕುಲಾವಿ ಎಂದು ನಗಬಹುದು;
ಹುಟ್ಟಿದ ಮೇಲೆ ಹೊಲಿಯೋಣವೆಂದರೆ ಅಷ್ಟರಲ್ಲಿ
ದೊಡ್ಡ ಹೋಟೆಲಿನವರು ಬಂದು
ತೊಟ್ಟಿಲನ್ನೇ ಕೊಂಡು ಹೋಗಿರುತ್ತಾರೆ.

ಒಂದು ರಾತ್ರಿ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು:
"ಐದಕ್ಕೆ ಒಂದು ಅಂತೀಯ.
ನನಗೆ ಐದು ಬಾವಿ ಎಲ್ಲಿದೆ?"

ನನ್ನ ಹಾಳೆಯಲ್ಲಿ ಸಾವಿರ ಚೌಕಗಳಿದ್ದವು.
ಆ ಮಾತಿಗೆ ಒಂದೂ ಖಾಲಿ ಇರಲಿಲ್ಲ.

ಊರಾಚೆ ವಜ್ರದ ಕಾಲದ ಬಂಗಲೆಗಳಿವೆ,
ಈಗ ಅಲ್ಲಿ ಮರಳೇ ಒಕ್ಕಲು, ಕಿಟಕಿಯೆತ್ತರ.
ಅವಳ ಮುತ್ತಜ್ಜಿ ಅಲ್ಲಿ ದೊರೆಗಳ ಹಾಸುಬಟ್ಟೆ ಒಗೆದವಳು.
"ಮರಳು ಬಾಡಿಗೆ ಕೊಡೋದಿಲ್ಲ" ಎನ್ನುತ್ತಾಳೆ ಡೋರ್ಕಾಸ್
ಪೊರಕೆ ಎತ್ತಿಕೊಳ್ಳುತ್ತ.

ಕೊರೆಯುವ ಹಡಗಿಗೆ ದಿನಕ್ಕೆ ಐದು ಲಕ್ಷ ಡಾಲರು.
ಅಲೆ ಎದ್ದು ಸುಮ್ಮನೆ ನಿಂತ ದಿನವೂ ಅಷ್ಟೇ.

ನಲವತ್ತೆಂಟನೆಯ ದಿನ ಗೊತ್ತಾಯಿತು.
ಮರಳುಗಲ್ಲು ಇತ್ತು, ನಾನು ಬರೆದದ್ದಕ್ಕಿಂತ ಚೆನ್ನಾಗಿಯೇ ಇತ್ತು.
ರಂಧ್ರರಂಧ್ರದಲ್ಲೂ ಉಪ್ಪುನೀರು.
ನೇರಳೆ ದೀಪದಡಿ ಹಿಡಿದಾಗ ಮಾತ್ರ ಒಂದು ಹಳದಿ ಮಿನುಗು:
ಎಣ್ಣೆ ಬಂದಿತ್ತು. ತಂಗಿತ್ತು. ಮುಚ್ಚಳ ಸೋರಿ
ಮನುಷ್ಯರಿಲ್ಲದ ಯಾವುದೋ ಕಾಲದಲ್ಲಿ ಎದ್ದು ಹೋಗಿತ್ತು,
ದಿಂಬಿನ ಮೇಲೆ ವಾಸನೆ ಬಿಟ್ಟು ಹೋದ ಅತಿಥಿಯಂತೆ.

"ಅಮೂಲ್ಯ ಮಾಹಿತಿ ದೊರೆತಿದೆ" ಎಂದಿತು ಪ್ರಕಟಣೆ.
ಷೇರು ಸೋಮವಾರ ನಾಲ್ಕು ಬಿತ್ತು, ಶುಕ್ರವಾರ ಮೂರು ಎದ್ದಿತು.
ಹಡಗು ಬೇರೆಯವರ ಕರಾರಿಗೆ ಉತ್ತರಕ್ಕೆ ತಿರುಗಿತು.
ಉದ್ದದ ಮಂಚದ ಮೇಲೆ ಮಡಿಸಿದ ಟವೆಲು ಹಾಗೇ ಇತ್ತು.

ಹೊರಡುವ ಹಿಂದಿನ ರಾತ್ರಿ ಮತ್ತೆ ಗುಣಿಸಿದೆ, ಅಭ್ಯಾಸಬಲ.
ಪಕ್ಕದ ದಿಬ್ಬಕ್ಕೆ: ಮೂಲಶಿಲೆಗೆ ಈಗ ಹತ್ತಕ್ಕೆ ಹತ್ತು,
ನಡೆದು ಬಂದದ್ದಕ್ಕೂ ಹತ್ತು.
ಮರಳಿಗೆ ಆರೇ ಇರಲಿ, ಮುಚ್ಚಳವನ್ನು ನಾಲ್ಕಕ್ಕೆ ಇಳಿಸಿದೆ.
ನಾಲ್ಕಕ್ಕೆ ಒಂದು, ಹೆಚ್ಚುಕಡಿಮೆ.
ಸೋತ ಬಾವಿ ಆಸೆಯ ದರ ಏರಿಸಿ ಹೋಗಿತ್ತು.

ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡುವಾಗ ಡೋರ್ಕಾಸ್ ಕೇಳಿದಳು:
"ಮತ್ತೆ ಬರ್ತಾರಾ?"
ಅವಳ ಬೆನ್ನ ಹಿಂದೆ, ಮೂರನೆಯ ಕೋಣೆಗೆಂದು ತರಿಸಿದ
ಹದಿನಾಲ್ಕು ಮೂಟೆ ಸಿಮೆಂಟು
ಇನ್ನೂ ಬಾಯಿ ಬಿಚ್ಚಿರಲಿಲ್ಲ.

ನಾನು ಚಿಲ್ಲರೆ ಎಣಿಸಿದೆ.
ತಪ್ಪಿತು.
ಮತ್ತೆ ಎಣಿಸಿದೆ.