ಬಿಟ್ಟ ತಂತಿ

ಮೊದಲು ಸಣ್ಣದನ್ನು ಬಿಚ್ಚಿದೆ.
ಕಿವಿ ತಿರುವುತ್ತ ಹೋದಂತೆ
ಮಾತಿನ ನಡುವೆ ವಿಷಯ ಮರೆತವರ ಹಾಗೆ
ದನಿ ಸಡಿಲಾಗಿ, ಜೋತು,
ಬರೀ ತಂತಿಯಾಯಿತು.
ಸುರುಳಿ ಸುತ್ತಿ ಬಿಸ್ಕಿಟ್ ಡಬ್ಬಿಯಲ್ಲಿಟ್ಟೆ.
ಇನ್ನು ಇದಕ್ಕೆ ಕೆಲಸವಿಲ್ಲ.

ಉಳಿದ ಮೂರೂ ಒಂದೊಂದು ಮನೆ ಸರಿಯಬೇಕು.
ಮೂಲೆಮನೆಗೆ ಹೊಸಬ.
ಪುಣೆಯ ರಾತ್ರಿ ಬಸ್ಸಿಗೆ ಬಂದ ಪಾಕೀಟಿನಲ್ಲಿ
ಹೆಬ್ಬಾವಿನ ಮರಿಯಂತೆ ಮಲಗಿದ್ದಾನೆ.
ಕರುಣಾ ಕೈಯಲ್ಲಿ ಹಿಡಿದು ನೋಡಿದಳು:
‘ಇದರ ಮ್ಯಾಲ ಅರಿವಿ ಒಣಾ ಹಾಕಬಹುದು ನೋಡ್ರಿ.’

ಹಳೆಯ ತಂತಿಯನ್ನೇ ಇಳಿಸಿ ನೋಡಿದ್ದೆ ಮೊದಲು.
ಇಳಿದದ್ದೇನೋ ಹೌದು, ಮಾತು ಹೋಯಿತು.
ಪಟ್ಟಿಗೆ ಬಡಿದು ಗೊರಗೊರ,
ಕುಡಿದು ಬಂದವನು ಕತ್ತಲಲ್ಲಿ
ಚಿಲಕ ಹುಡುಕಿದಂತೆ.
ಕೆಳಗೆ ನಿಲ್ಲಲು ತೂಕ ಬೇಕು.

ಇಂದುಮತಿ ಹಬೀಬ
ನಮ್ಮ ಆರ್ಕೆಸ್ಟ್ರಾದಲ್ಲಿ ಇಪ್ಪತ್ತಾರು ವರ್ಷ
ಕಾಳಿ ಐದರಲ್ಲಿ ಹಾಡಿದಾಕೆ.
ಕುಂದಗೋಳದ ಒಂದು ಮದುವೆಯಲ್ಲಿ ಕರೆಂಟು ಹೋದಾಗ
ಮೈಕು ಕೆಳಗಿಟ್ಟು, ಸೆರಗು ಬಿಗಿದು,
ಕೈ ತೊಳೆಯುವ ನಳದ ತನಕ ಮುಟ್ಟಿಸಿದಾಕೆ.
ಹೋಳಿಗೆ ಮುಂಚೆ ಕುತ್ತಿಗೆಯ ಗಂಟು ತೆಗೆದರು.
ಗಂಟು ಹೋಯಿತು.
ಮೇಲಿನ ಐದು ಮೆಟ್ಟಿಲೂ ಹೋದವು.
‘ಬಿಳಿ ನಾಕು’ ಅಂದಳು ಫೋನಿನಲ್ಲಿ,
ಮನೆ ಬದಲಿಸಿದವರು ಹೊಸ ವಿಳಾಸ ಹೇಳುವಷ್ಟೇ ಸಹಜವಾಗಿ.

ಕೀಬೋರ್ಡಿನ ವಿಠ್ಠಲಸಾ ಗುಂಡಿ ಒತ್ತಿದ, ಐದು ಸಲ.
ಅವನ ಕೆಲಸ ಮುಗಿಯಿತು.
ಚಹಾ ಬಸಿಗೆ ಸುರಿದುಕೊಳ್ಳುತ್ತ ಅಂದ:
‘ನವನಗರದಾಗ ಒಂದ ಹುಡುಗಿ ಅದಾಳ,
ಛಲೋ ಹಾಡ್ತಾಳ. ಹೇಳಿದೆ ಅಷ್ಟ.’
ನಾನು ಸುಮ್ಮನಿದ್ದೆ.
ನನಗೆ ಗುಂಡಿ ಇಲ್ಲ. ಕಟ್ಟಿಗೆ ಇದೆ.

ತಲೆಯ ಹತ್ತಿರದ ಎಲುಬಿನ ಪಟ್ಟಿಯ ಗೀರಿನಲ್ಲಿ
ಹೊಸಬ ಕೂಡಲೊಲ್ಲ.
ರೈಲ್ವೆ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ
ಬೋಗಿಯ ಕಬ್ಬಿಣ ಉಜ್ಜಿದ ನನ್ನ ಅರಗಳೆಲ್ಲ ಎಮ್ಮೆಗಳು.
ಅಕ್ಕಸಾಲಿ ವೆರ್ಣೇಕರರ ಅಂಗಡಿಯಿಂದ
ಇಲಿಬಾಲದ ಅರವೊಂದನ್ನು ಬೇಡಿ ತಂದೆ.
‘ಬಂಗಾರ ಅಂತ ತಿಳಕೊಂಡ ಉಜ್ಜು,
ಪುಡಿ ಚೆಲ್ಲಬ್ಯಾಡ.’
ಮೂರು ಎಳೆತ. ತಂತಿ ಇಟ್ಟು ನೋಡು.
ಮತ್ತೆ ಎರಡು. ಇಟ್ಟು ನೋಡು.
ಅರ್ಧ.

ಕತ್ತಿನೊಳಗಿನ ಸಲಾಕೆಗೆ ಕಾಲು ಸುತ್ತು ಕೊಟ್ಟು
ರಾತ್ರಿಯೆಲ್ಲ ಗೋಡೆಗೆ ಆನಿಸಿ ಬಿಟ್ಟೆ.
ಕಟ್ಟಿಗೆಗೆ ಸುದ್ದಿ ಮುಟ್ಟುವುದು ತಡ.

ನಿದ್ದೆ ನನಗೂ ಇಲ್ಲ.
ಕೇಶ್ವಾಪುರದ ಈ ಖೋಲಿಗೆ
ಡೀಸೆಲ್ ಎಂಜಿನ್ನೊಂದು ನಿಂತಲ್ಲೇ ಉಸಿರಾಡುವುದು ಕೇಳುತ್ತದೆ,
ಕಿವಿಗಿಂತ ಹೆಚ್ಚು ಮಂಚದ ಕಾಲಿಗೆ.
ನಾಲ್ಕಕ್ಕೆ ಎದ್ದು ಹೊಸ ತಂತಿಯನ್ನು
ಅದರ ಪಕ್ಕಕ್ಕೆ ತಂದೆ.
ಮೊದಲು ಜಗಳ, ವ್ಹಂವ್ಹಂವ್ಹಂ,
ಆಮೇಲೆ ಬಿಡಿಸಿ ಬಿಡಿಸಿ, ವ್ಹಂ, ವ್ಹಂ,
ಆಮೇಲೆ ಎಂಜಿನ್ ಯಾವುದು ನಾನು ಯಾವುದು
ಗೊತ್ತಾಗಲಿಲ್ಲ.
ಅಡುಗೆಮನೆಯಲ್ಲಿ ಒಂದು ತಾಟು ನಡುಗಿತು.
ಕರುಣಾ ಮಗ್ಗುಲಾಗಿ, ‘ಯಾರ ಬಂದ್ರು?’

ಬೆರಳಿಗೆ ಮಾತ್ರ ಏನೂ ತಿಳಿದಿಲ್ಲ.
ಅದೇ ಮನೆ, ಅದೇ ಜಿಗಿತ,
ಅದೇ ಹಳೆಯ ಗುಬುಟು.
ನಡೆಯುವವನಿಗೆ ಹೇಳದೆ
ನೆಲವನ್ನೇ ಇಳಿಸಿದ್ದಾರೆ.

ರವಿವಾರ ಇಂದುಮತಿ ಬಂದಳು,
ಸ್ಕಾರ್ಫು ಬಿಚ್ಚಲಿಲ್ಲ.
ಬಿಸ್ಕಿಟ್ ಡಬ್ಬಿಯ ಸುರುಳಿ ನೋಡಿ
‘ಇದನ್ಯಾಕ ಬಿಟ್ರಿ?’ ಅಂದಳು.
ಉತ್ತರಕ್ಕೆ ಕಾಯಲಿಲ್ಲ.
ನಾನು ದಪ್ಪ ತಂತಿ ಮೀಟಿದೆ, ಎಲ್ಲೂ ಒತ್ತದೆ.
ಅವಳು ಹಾಡಲಿಲ್ಲ.
ಜ್ವರ ನೋಡುವಂತೆ ಗಿಟಾರಿನ ಮೈಮೇಲೆ ಅಂಗೈ ಇಟ್ಟು
ಅದು ಆರುವ ತನಕ ನಿಂತಳು.

‘ಇನ್ನೊಂದೀಟು ಇಳಿಸ್ರಿ, ಸತ್ಯಮಿತ್ರಣ್ಣ.’
‘ಇದರ ಕೆಳಗ ಜಾಗಾ ಇಲ್ಲವಾ.’
‘ಐತಿ,’ ಅಂದಳು.
ಕೆಮ್ಮಿ, ಗೋಡೆಯ ಕಡೆ ತಿರುಗಿ,
ಎಲ್ಲಿ ಅಂತ ತೋರಿಸಿದಳು.

ವಿಠ್ಠಲಸಾ ಬಸಿ ಕೆಳಗಿಟ್ಟು
ಗುಂಡಿ ಹುಡುಕತೊಡಗಿದ.
ನಾನು ಕಿವಿ ಹಿಡಿದು
ಕೂದಲೆಳೆಯಷ್ಟು
ಬಿಟ್ಟೆ.