ಮಗ್ಗಲ ಸೀಟು

ಸೋಲಾಪುರ ರಸ್ತಾದ ಶೆಡ್ಡಿನ್ಯಾಗ ಎರಡು ನಿಂತಿದ್ವು.
ಒಂದು ಹಸರು. ಬೆನ್ನಿಗೊಂದು ಡಬ್ಬಿ,
ಬಜಾರದ ಹಮಾಲನಂಗ ತಲಿ ತಗ್ಗಿಸಿ.
ಇನ್ನೊಂದು ಕೆಂಪು. ಮೊಣಕಾಲು ಎತ್ತಿ
ಈಗ ಜಿಗದೇನು ಅನ್ನೂ ಮಿಡತಿ.

ಲಾಲಸಾಬ ಅಂದ: ಅಕ್ಕಾರ, ಎರಡಕ್ಕೂ ನಂಬರ್ ಪ್ಲೇಟಿಲ್ಲ,
ಡಾಂಬರಿಗೆ ತರೂಹಂಗಿಲ್ಲ. ಹೊಲ, ಮಡ್ಡಿ, ಹಳ್ಳ,
ರಸ್ತಾ ಮುಗದಲ್ಲಿ ಇವುರ ಕೆಲಸ ಸುರು.
ನಂದೂ ಹಂಗ, ಅಂತ ನಾ ಅನಲಿಲ್ಲ.

ಅಮೋಗಿ ಕೆಂಪದರ ಸುತ್ತ ಮೂರು ಸುತ್ತು ಹಾಕಿದ,
ಸ್ಪ್ರಿಂಗು ಒತ್ತಿದ, ಗಾಲಿಗೆ ಒದ್ದ.
ಐವತ್ತೊಂದು ವರ್ಷದ ಮಾರಿ ಮ್ಯಾಲ
ಹದಿನಾರರ ಮೀಸಿ ಚಿಗತಿತ್ತು.
ಐತವಾರ ಡೋಣಿಗೆ ಇಳಸೂದು, ಅಂದ,
ಆಚಿ ದಂಡಿಗೆ ಏರ್ಸೂದು.
ಏರಿ?
ಏರಿ... ತಿರಗಿ ಇಳಸೂದು.

ನಾ ಚೀಲದಾಗಿನ ಟೇಪು ತಗದೆ.
ತಿಕೋಟಾದ ನಮ್ಮ ದ್ರಾಕ್ಷಿ ಪಡದಾಗ
ಸಾಲಿಂದ ಸಾಲಿಗೆ ಒಂಬತ್ತು ಫೂಟು,
ಬಳ್ಳಿ ಕೈಚಾಚಿತಂದ್ರ ಆರೂವರಿ.
ಹಸರು ಐದಕ್ಕ ನಿಂತಿತು.
ಕೆಂಪು ಪೂರಾ ಆರು.
ಎಡಕ್ಕ ಮೂರಿಂಚು, ಬಲಕ್ಕ ಮೂರಿಂಚು,
ಒಮ್ಮಿ ಸ್ಟೇರಿಂಗ್ ಹೊಳ್ಳಿತಂದ್ರ
ವರ್ಷದ ಗೊಂಚಲು ಗಾಲಿಗೆ ಊಟ.
ಮತ್ತ ಅದಕ್ಕ ಬಾಗಲಿಲ್ಲ, ಬರೇ ಜಾಳಗಿ,
ಕಾಲೆತ್ತಿ ದಾಟಬೇಕು. ಅದನ್ನ ಮಾಡಿದಾಂವ
ಸೀರಿ ಉಟ್ಟವರನ್ನ ಕಂಡಾಂವಲ್ಲ.

ಆದರೂ ದಾಟಿದೆ. ನಿರಗಿ ಎತ್ತಿ ಸಿಗಸಿ,
ಲಾಲಸಾಬ ಆಕಡೆ ಮಾರಿ ಮಾಡಿದ.

ಲಗ್ನಾಗಿ ಇಪ್ಪತ್ತಾರು ವರ್ಷ.
ಟ್ರ್ಯಾಕ್ಟರಿನ ಮಡಗಾರ್ಡ್ ಮ್ಯಾಲ ಕುಂತೀನಿ,
ಅವ ಮ್ಯಾಲಿದ್ದ, ನಾ ಓರಿಗಿದ್ದೆ.
ಗಾಡಿ ಮ್ಯಾಲ ಹಿಂದ ಕುಂತೀನಿ.
ಅವನ ಎಲ್ಲಾ ಅಂಗಿಯ ಬೆನ್ನ ಹೊಲಿಗಿ
ಕಣ್ಣು ಮುಚ್ಚಿ ಹೇಳ್ತೀನಿ.
ಹೊಡಿಯೂವಾಗ ಮಾರಿ ಹೆಂಗಿರತೈತಿ
ಅದೊಂದು ಗೊತ್ತಿದ್ದಿಲ್ಲ.

ಶೆಡ್ಡಿನ ಹಿಂದ ಒಂದು ತಗ್ಗು, ಒಂದು ದಿಬ್ಬ.
ಕೆಂಪು ಹಾರಿತು.
ನಾ ನೋಡಿದ್ದು ತಗ್ಗಲ್ಲ, ದಿಬ್ಬಲ್ಲ.
ನಾಲಿಗಿ ತುದಿ ಹಲ್ಲಾಗ ಹಿಡದಿದ್ದ,
ಸೂಜಿಗೆ ದಾರ ಪೋಣಸೂ ಹುಡುಗನಂಗ.
ಹೆದರಿದ್ದ.
ನನ್ನ ಬಾಯಿಂದ ಒಂದು ಸದ್ದು ಬಂತು,
ನಗು ಅಂತ ಆಮ್ಯಾಲ ತಿಳೀತು.

ಹಸರು ತಗೊಂಡ್ವಿ.
ರೊಕ್ಕ, ಟೇಪು, ಡೀಸಲ್ಲು, ಎಲ್ಲಾ ಅದರ ಕಡೆ ಇದ್ವು.
ಟ್ರಕ್ಕಿನ್ಯಾಗ ಏರಸಿ ಹಗ್ಗ ಬಿಗಿಯೂತನಾ ಅಮೋಗಿ
ಬೀಗರ ಮನ್ಯಾಗ ಉಪ್ಪಿಲ್ಲದ ಸಾರು ಉಂಡಂಗಿದ್ದ.

ಮೊದಲನೇ ದಿನ ಹದಿನೆಂಟು ಕ್ರೇಟು.
ಪಡದಿಂದ ಒಣಗಸೂ ಶೆಡ್ಡಿಗೆ, ಶೆಡ್ಡಿಂದ ಪಡಕ್ಕ,
ಒಂದು ಎಲಿ ಹರೀಲಿಲ್ಲ. ಡಬ್ಬಿ ತಾನ ಎತ್ತಿ ಸುರವಿತು.
ಆಳು ಹೆಣ್ಮಕ್ಕಳು ಸರದಿ ಹಚ್ಚಿ ಕುಂತ್ರು;
ಕಾಶಿಂಬಿ ಎರಡ ಸಲ ಹತ್ತಿದಳು,
ಕೆಲಸಿಲ್ಲದ ಒಂದು ಸಲ.

ಹೊತ್ತು ಮುಳಗೂ ಮುಂದ ಕೀಲಿ ನನ್ನ ಕೈಯಾಗಿತ್ತು.
ಬೇವಿನ ಗಿಡದ ಹಂತ್ಯಾಕ ಮನಿಗೆ ಎಡಕ್ಕ ಹೊಳ್ಳಬೇಕು.
ಹೊಳ್ಳಲಿಲ್ಲ.
ಅಮೋಗಿ ಹಿಡಕಿ ಹಿಡದ: ಎಲ್ಲಿಗೆ?
ಮಡ್ಡಿಗೆ ಏರ್ಸೂದು.
ಏರಿ?
ಹಸರು ಗುರುಗುಟ್ಟಿತು. ಕಲ್ಲು ಬಂದ್ರ ನಿಂತು
ವಿಚಾರ ಮಾಡಿ, ಒಂದೊಂದ ಗಾಲಿ ಎತ್ತಿ ಇಟ್ಟು,
ಕೂಲಿ ಮೊದಲ ಇಸಗೊಂಡವರಂಗ
ಅವಸರಿಲ್ಲದ ಏರಿತು.

ಮ್ಯಾಲ ಏನೂ ಇದ್ದಿಲ್ಲ.
ಕುರಿ ಹಿಕ್ಕಿ, ಗಾಳಿ, ಯಾರೋ ಒಗದ ನೀರಿನ ಬಾಟ್ಲಿ.
ಇಂಜಿನ್ ಬಂದ್ ಮಾಡಿದೆ. ಕೆಳಗ ಯಾರದೋ ಪಡದಾಗ
ಔಷಧ ಹೊಡಿಯೂ ಪಂಪಿನ ಸದ್ದು,
ಅದೂ ನಿಂತಿತು.
ಇಬ್ಬರೂ ಮುಂದ ನೋಡಕೋತ ಕುಂತ್ವಿ.
ಅವನ ಮೊಣಕೈ ನನ್ನ ಮೊಣಕೈಗೆ ಹತ್ತಿತ್ತು,
ಸೀಟು ಅಷ್ಟ ಅಗಲ.

ಕೆಂಪದಾಗಿದ್ರ ಲಗೂ ಬರ್ತಿದ್ವಿ, ಅಂದ.
ಹೌದು, ಅಂದೆ.
ಲಗೂ ಹೋಗ್ತಿದ್ವಿ.